ನಾಯಕರೆಲ್ಲ ಕೂಡಿದಾಗ ನಾಯಕನಾರು?

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳಗನ್ನಡ ಕಾವ್ಯವನ್ನು ಕುರಿತೋ ಛಂದಸ್ಸನ್ನು ಕುರಿತೋ ನಾನು ಬರೆಯುವೆನೆಂದು ಅವರು ಎಣಿಸಿದ್ದರೆ ಅದು ಸಹಜವೇ ಆಗಿದೆ. ಇಪ್ಪತ್ತೆಂಟು ವರ್ಷಗಳಿಂದ ಕನ್ನಡ ಪಾಠವನ್ನು ಹೇಳಿಕೊಂಡು ಬಂದವನು ನಾನು. ಆದರೆ ಈ ಸಲ ನಾನು ಬರೆಯಹೊರಟಿರುವುದು ಚಲನಚಿತ್ರಗಳನ್ನು ಕುರಿತು. ಅದರಲ್ಲಿಯೂ ಹಲವು ಅತಿಮಾನುಷ ವೀರರು ಒಂದೆಡೆ ಕೂಡುವ ‘ಅವೆಂಜರ್ಸ್’ ಎಂಬ ಅಮೆರಿಕದ ಚಿತ್ರಮಾಲೆಯನ್ನೂ ಅದರ ಉತ್ತರಕಥೆಗಳನ್ನೂ ಕುರಿತು. ವಿದ್ವಾಂಸ ಮಿತ್ರರು ನಕ್ಕಾರೆಂಬ ಅಳುಕು ನನಗಿಲ್ಲದಿಲ್ಲ. ಆದರೂ ಬರೆಯುತ್ತಿರುವುದಕ್ಕೆ ಕಾರಣ, ವಿದ್ಯಾರ್ಥಿಯೊಬ್ಬನಿಗೆ ನಾನು ತೀರಿಸಬೇಕಾದ ಒಂದು ಸಾಲ.

2019ರ ಜುಲೈ ತಿಂಗಳ ಕಿರುಪರೀಕ್ಷೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ‘ನನ್ನ ಮೆಚ್ಚಿನ ನಾಯಕ’ ಎಂಬ ವಿಷಯವನ್ನು ಕುರಿತು ಹತ್ತು ಅಂಕಗಳ ಪ್ರಬಂಧವನ್ನು ಕೇಳಿದ್ದೆ. ಹೆಚ್ಚಿನವರು ಗಾಂಧೀಜಿಯವರನ್ನೂ ವಿಶ್ವೇಶ್ವರಯ್ಯನವರನ್ನೂ ಕುರಿತು ಬರೆದರು. ಒಬ್ಬ ಹುಡುಗ ಮಾತ್ರ ಆ ಬೇಸಗೆಯಲ್ಲಿ ತಾನು ತೆಲುಗು ಮಾತುಗಳಲ್ಲಿ ನೋಡಿಬಂದ ‘ಎಂಡ್‌ಗೇಮ್’ ಚಿತ್ರದ ಲೋಹಕವಚದ ಮನುಷ್ಯನನ್ನು ಕುರಿತು ಎರಡು ಪುಟ ಬರೆದಿದ್ದ. ‘ಎಲ್ಲರೂ ನಾಯಕರೇ ಆಗಿರುವಾಗ ನಾಯಕ ಯಾರು ಅಂತ ನಾನು ತುಂಬಾ ಯೋಚನೆ ಮಾಡಿದೆ. ಯಾರು ಹೆಚ್ಚು ಕಳಕೊಂಡನೋ ಅವನೇ ಅಂತ ನನಗೆ ಅನ್ನಿಸಿತು’ ಎಂಬುದು ಅವನ ಕೊನೆಯ ಮಾತು. ನಾನು ಎರಡು ಪುಟಗಳಿಗೂ ಅಡ್ಡಲಾಗಿ ಕೆಂಪು ಗೆರೆಯೆಳೆದು, ‘ವಿಷಯಾಂತರ’ ಎಂದು ಬರೆದು, ಸೊನ್ನೆ ಕೊಟ್ಟೆ. ಆ ವರ್ಷ ಮುಂದೆ ಅವನು ಬರೆದ ಪ್ರಬಂಧಗಳೆಲ್ಲವೂ ಗೈಡಿನಿಂದ ಎತ್ತಿ ಬರೆದವು. ಅವುಗಳಿಗೆ ನಾನು ಒಳ್ಳೆಯ ಅಂಕಗಳನ್ನೇ ಕೊಟ್ಟೆ.

2020ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆ ಮುಚ್ಚಿತು. ಮನೆಯಲ್ಲಿ ಕುಳಿತ ನನಗೆ ಮಗಳು ಆ ಚಿತ್ರಗಳನ್ನು ಕ್ರಮವಾಗಿ ತೋರಿಸಿದಳು. ಮೊದಲನೆಯದನ್ನು ತಾತ್ಸಾರದಿಂದ ನೋಡಿದೆ. ಮೂರನೆಯದನ್ನು ಮುಗಿಸಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಅಲ್ಲಿಂದೀಚೆಗೆ ನಾನು ಆ ಚಿತ್ರಗಳ ಅಭಿಮಾನಿ. ಅಭಿಮಾನಿಯಾದ ಮೇಲೆ ತಿಳಿದದ್ದು ಇದು: ಆ ಹುಡುಗ ಕೇಳಿದ ಪ್ರಶ್ನೆ ವಿಷಯಾಂತರವಾಗಿರಲಿಲ್ಲ, ಅದು ಕನ್ನಡ ಕಾವ್ಯದ ಮೂಲ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಮಧುರೆಯ ಸೀಮೆಯವರಿಗೆ ಈ ಪ್ರಶ್ನೆ ಹೊಸದೂ ಅಲ್ಲ. ನಮ್ಮ ಶನಿಮಹಾತ್ಮಸ್ವಾಮಿಯ ಸನ್ನಿಧಿಗೆ ಬರುವ ಭಕ್ತರಿಗೆಲ್ಲ ಪರಿಚಿತವಾದ ಶನಿಕಥೆ ಆರಂಭವಾಗುವುದೇ, ಒಂಬತ್ತು ಗ್ರಹಗಳಲ್ಲಿ ಹಿರಿಯನಾರೆಂಬ ವಿಕ್ರಮರಾಜನ ಸಭೆಯ ಚರ್ಚೆಯಿಂದ. ಪಂಡಿತರು ಒಂದೊಂದು ಗ್ರಹದ ಮಹಿಮೆಯನ್ನು ಹೊಗಳುತ್ತಾರೆ. ಶನಿಯ ಮಾತು ಬಂದಾಗ ದೊರೆ ಹಗುರವಾಗಿ ಆಡುತ್ತಾನೆ. ಏಳೂವರೆ ವರ್ಷ ಪಡಬಾರದ ಪಾಡು ಪಡುತ್ತಾನೆ. ಒಂಬತ್ತು ಮಂದಿ ಬಲಶಾಲಿಗಳ ಆ ಕಥೆಯಲ್ಲಿ ಕೇಳುವವರ ಕಣ್ಣು ಒದ್ದೆಯಾಗುವುದು ಗ್ರಹಗಳಿಗಾಗಿ ಅಲ್ಲ, ಕೈಕಾಲು ಕಳೆದುಕೊಂಡು ಗಾಣದ ಮೇಲೆ ಕುಳಿತ ವಿಕ್ರಮನಿಗಾಗಿ. ಬಲವುಳ್ಳವರು ಹಲವರು ಸೇರಿದ ಕಥೆಯಲ್ಲಿ ಬಲವೇ ನಾಯಕತ್ವದ ಲಕ್ಷಣವಾಗಲಾರದೆಂಬುದನ್ನು ನಮ್ಮ ಹಿರಿಯರು ಹೀಗೆ ಅರಿತಿದ್ದರು.

ಮಹಾಭಾರತವಂತೂ ವೀರರ ಮಹಾಸಂತೆ. ಅದನ್ನು ಕನ್ನಡಿಸಿದ ಕವಿಗಳು ನಾಯಕನ ವಿಷಯದಲ್ಲಿ ಒಮ್ಮತಕ್ಕೆ ಬರಲೇ ಇಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿ, ತನ್ನ ದೊರೆ ಅರಿಕೇಸರಿಯೊಡನೆ ಅವನನ್ನು ಸಮೀಕರಿಸಿ, ಕೊನೆಯಲ್ಲಿ ಪಟ್ಟವನ್ನೂ ಅವನಿಗೇ ಕಟ್ಟಿದನು. ರನ್ನನು ಭೀಮನನ್ನು ನಾಯಕನನ್ನಾಗಿ ಮಾಡಿ, ಸತ್ಯಾಶ್ರಯನೊಡನೆ ಸಮೀಕರಿಸಿ, ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟನು. ಕುಮಾರವ್ಯಾಸನು ಕೃಷ್ಣನ ಕಥೆಯನ್ನೇ ಹೇಳುವೆನೆಂದು ಹೊರಟನು. ಒಂದೇ ಕಥೆ, ಮೂವರು ನಾಯಕರು! ಅಷ್ಟೇ ಅಲ್ಲ, ರನ್ನನನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವವನು ಭೀಮನಿಗಿಂತ ಹೆಚ್ಚಾಗಿ ದುರ್ಯೋಧನ. ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಹಲುಬುವ, ಶತ್ರುವಿನ ಮಗನಾದ ಅಭಿಮನ್ಯುವಿನ ಮರಣವನ್ನು ಸಹ ಹೊಗಳುವ ಆ ಅರಸನಿಗೆ ಉಳಿದದ್ದೇನೂ ಇಲ್ಲ. ಬಿ. ಎಂ. ಶ್ರೀಯವರು ‘ಗದಾಯುದ್ಧ ನಾಟಕ’ವನ್ನು ರೂಪಿಸಿದಾಗ ಅವರ ಕಣ್ಣು ನಟ್ಟದ್ದೂ ಅವನ ಮೇಲೆಯೇ. ಹತ್ತನೆಯ ತರಗತಿಯ ಹುಡುಗ ಹೇಳಿದ ಮಾತೂ ಇದೇ ಅಲ್ಲವೆ?

ಈಗ ಚಿತ್ರಗಳ ವಿಚಾರ. 2008ರ ‘ಐರನ್ ಮ್ಯಾನ್’ ಚಿತ್ರದಿಂದ 2019ರ ‘ಎಂಡ್‌ಗೇಮ್’ವರೆಗೆ ಈ ಸರಣಿಯಲ್ಲಿ ಇಪ್ಪತ್ತೆರಡು ಚಿತ್ರಗಳಿವೆ. ಅವುಗಳಲ್ಲಿ ‘ಅವೆಂಜರ್ಸ್’ ಹೆಸರಿನ ವೀರಕೂಟದ ಚಿತ್ರಗಳು ನಾಲ್ಕು. ಅವು 2012, 2015, 2018 ಮತ್ತು 2019ರಲ್ಲಿ ಬಂದವು. ಆಲಂಕಾರಿಕರು ಹೇಳಿದ ನಾಯಕಭೇದಗಳು ಈ ಕೂಟದಲ್ಲಿ ಎದ್ದು ಕಾಣುತ್ತವೆ. ಕ್ಯಾಪ್ಟನ್ ಅಮೆರಿಕ ಧೀರೋದಾತ್ತ. ಸಿಡಿಲಿನ ಒಡೆಯನಾದ ಥಾರ್ ಧೀರೋದ್ಧತ. ವಿಲಾಸಿಯೂ ಚತುರನೂ ಆದ ಟೋನಿ ಸ್ಟಾರ್ಕ್ ಧೀರಲಲಿತ. ಕೋಪ ಬಂದರೆ ಹಸಿರು ದೈತ್ಯನಾಗುವ ಬ್ಯಾನರನು ಕೊನೆಯ ಚಿತ್ರದ ವೇಳೆಗೆ ತನ್ನ ಕೋಪದೊಡನೆ ಸಂಧಿ ಮಾಡಿಕೊಂಡು ಧೀರಶಾಂತನ ಹತ್ತಿರಕ್ಕೆ ಬರುತ್ತಾನೆ. ಮೊದಲ ಚಿತ್ರದ ಗುಣವಿರುವುದು ಈ ನಾಲ್ಕು ಸ್ವಭಾವಗಳು ಶತ್ರುವಿನೊಡನೆ ಹೋರಾಡುವ ಮೊದಲು ತಮ್ಮತಮ್ಮೊಳಗೆ ಕಾದಾಡುವುದರಲ್ಲಿ. ಎರಡನೆಯದರಲ್ಲಿ ಸ್ಟಾರ್ಕನು ಲೋಕರಕ್ಷಣೆಗೆಂದು ನಿರ್ಮಿಸಿದ ಯಂತ್ರವೇ ಲೋಕಕ್ಕೆ ಮುಳ್ಳಾಗುತ್ತದೆ. ಬೀಜ ಒಳ್ಳೆಯದು, ಆದರೆ ಪಾತ್ರಗಳ ದಟ್ಟಣೆಯಲ್ಲಿ ಸಸಿ ಬಳಲಿತು.

ಮೂರನೆಯದು ನಾಲ್ಕರಲ್ಲಿ ಉತ್ತಮವೆಂಬುದು ನನ್ನ ಅಭಿಪ್ರಾಯ. ಪ್ರತಿನಾಯಕನ ಗುಣಗಳನ್ನು ವರ್ಣಿಸಿ ಅಂಥವನನ್ನು ಗೆದ್ದನೆಂದು ಹೇಳಿದರೆ ನಾಯಕನ ಉತ್ಕರ್ಷ ಹೆಚ್ಚುವುದೆಂದು ದಂಡಿ ಹೇಳಿದ್ದಾನೆ. ಇಲ್ಲಿನ ಪ್ರತಿನಾಯಕನಾದ ಥಾನೋಸನು ಗಹಗಹಿಸುವ ರಾಕ್ಷಸನಲ್ಲ. ಜೀವಕೋಟಿಯಲ್ಲಿ ಅರ್ಧವನ್ನು ಅಳಿಸಿದರೆ ಉಳಿದರ್ಧ ಸುಖವಾಗಿರುವುದೆಂದು ನಿಜವಾಗಿ ನಂಬಿದವನು. ಆ ನಂಬಿಕೆಗಾಗಿ ತನ್ನ ಸಾಕುಮಗಳನ್ನು ಬಲಿಕೊಟ್ಟು ಕಣ್ಣೀರಿಡುವವನು. ಅವನು ಚಿಟಿಕೆ ಹೊಡೆಯುತ್ತಾನೆ. ವೀರರು ಒಬ್ಬೊಬ್ಬರಾಗಿ ಬೂದಿಯಾಗಿ ಉದುರುತ್ತಾರೆ. ಇಷ್ಟು ಮಂದಿ ವೀರರು ಕೂಡಿಯೂ ಸೋತರೆಂದು ಹೇಳಿ ಕಥೆಯನ್ನು ಅಲ್ಲಿಗೇ ನಿಲ್ಲಿಸುವ ಧೈರ್ಯ ಸಾಮಾನ್ಯವಾದುದಲ್ಲ.

ಇನ್ನು ಉತ್ತರಕಥೆಯ ಪ್ರಶ್ನೆ. ಮುಗಿದ ಕಥೆಯನ್ನು ಮತ್ತೆ ಎಳೆಯುವುದು ಬರಿಯ ಹಣದಾಸೆಯೆಂದು ಹಲವರು ಜರೆಯುತ್ತಾರೆ. ಹಣದಾಸೆ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪಂಪನೂ ತನ್ನ ಕಾವ್ಯಕ್ಕಾಗಿ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನೇ. ಪ್ರತಿಫಲವಿತ್ತೆಂಬ ಮಾತ್ರಕ್ಕೆ ಕೃತಿ ಕೀಳಾಗುವುದಿಲ್ಲ. ನೋಡಬೇಕಾದುದು ಬೇರೆ. ಕನ್ನಡದಲ್ಲಿ ಭಾರತದ ಮುಂದುವರಿಕೆಗಳು ಎರಡು ಬಗೆಯವು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಕಾವ್ಯದ ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದನು. ಅದು ಪೂರ್ತಿಮಾಡುವ ಕೆಲಸ. ಗೌರವಾರ್ಹವೇ, ಆದರೂ ಜನರ ನಾಲಗೆಯ ಮೇಲೆ ನಿಂತದ್ದು ಕುಮಾರವ್ಯಾಸನ ಭಾಗ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ರೀತಿ ಬೇರೆ. ಯುದ್ಧ ಗೆದ್ದವರು ಅಶ್ವಮೇಧಕ್ಕೆ ಕುದುರೆಯನ್ನು ಬಿಡುತ್ತಾರೆ. ಗೆದ್ದ ಅರ್ಜುನನೇ ಮಣಿಪುರದಲ್ಲಿ ತನ್ನ ಮಗ ಬಭ್ರುವಾಹನನ ಬಾಣಕ್ಕೆ ಬೀಳುತ್ತಾನೆ. ಅದಕ್ಕೆ ಹಿನ್ನೆಲೆಯಾಗಿ ಭೀಷ್ಮನನ್ನು ಕೊಂದುದಕ್ಕೆ ಗಂಗೆಯಿತ್ತ ಶಾಪವಿದೆ. ಕಾಣಿಕೆಯೊಡನೆ ಬಂದ ಮಗನ ಹುಟ್ಟನ್ನೇ ಹೀಗಳೆದ ತಂದೆಯ ಗರ್ವವಿದೆ. ಮೊದಲ ಕಥೆಯಲ್ಲಿ ತೀರದೆ ಉಳಿದ ಸಾಲವನ್ನು ಎರಡನೆಯ ಕಥೆ ವಸೂಲು ಮಾಡುತ್ತದೆ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ಚಿತ್ರದಲ್ಲಿ ರಾಜಕುಮಾರರು ತಂದೆ ಮಗ ಇಬ್ಬರೂ ಆಗಿ ತಮ್ಮೆದುರು ತಾವೇ ನಿಂತಾಗ ಜನ ಮೆಚ್ಚಿದ್ದು ಅಭಿನಯವನ್ನು ಮಾತ್ರವಲ್ಲ, ಈ ಲೆಕ್ಕಾಚಾರವನ್ನೂ ಎಂದು ನನಗೆ ತೋರುತ್ತದೆ.

ಆದುದರಿಂದ ಉತ್ತರಕಥೆಗೆ ನಾನು ಹಿಡಿಯುವ ಒರೆಗಲ್ಲು ಒಂದೇ: ಅದು ಹೊಸ ಶತ್ರುವೊಬ್ಬನನ್ನು ತರುತ್ತದೆಯೋ, ಹಳೆಯ ಸಾಲವನ್ನು ಕೇಳುತ್ತದೆಯೋ? ‘ಎಂಡ್‌ಗೇಮ್’ ಎರಡನೆಯದನ್ನು ಮಾಡಿತು. ಚಿತ್ರದ ಮೊದಲಲ್ಲೇ ಥಾರನು ಥಾನೋಸನ ತಲೆ ಕಡಿಯುತ್ತಾನೆ. ಆದರೆ ಕಡಿದು ಪ್ರಯೋಜನವಿಲ್ಲ, ಮಣಿಗಳು ನಾಶವಾಗಿವೆ. ಹಿಂದಿನ ಚಿತ್ರದಲ್ಲಿ ತಲೆಗೆ ಹೊಡೆಯದೆ ಎದೆಗೆ ಹೊಡೆದ ತನ್ನ ತಪ್ಪನ್ನು ನೆನೆದು ನೆನೆದು ಆ ದೇವಕುಮಾರ ಐದು ವರ್ಷ ಕುಡಿದು ಮೈ ಕೆಡಿಸಿಕೊಂಡು ಕೂರುತ್ತಾನೆ. ಬಳಿಕ ವೀರರು ಕಾಲದಲ್ಲಿ ಹಿಂದಕ್ಕೆ ಪಯಣಿಸಿ, ಹಳೆಯ ಚಿತ್ರಗಳ ಸನ್ನಿವೇಶಗಳೊಳಕ್ಕೇ ಹೊಕ್ಕು, ತಮ್ಮನ್ನು ತಾವೇ ಕಾಣುತ್ತಾರೆ. ಇದನ್ನು ನೋಡುವಾಗ ನನಗೆ ರನ್ನನ ನೆನಪಾಯಿತು. ಕಥೆಯ ಕೊನೆಯ ಕಾಳಗದ ಹತ್ತಿರ ನಿಂತು, ಮುನ್ನಡೆಯುತ್ತಲೇ ಹಿಂದಿರುಗಿ ನೋಡುವ ಸಿಂಹದಂತೆ, ಇಡಿಯ ಭಾರತವನ್ನು ಅಡಕಮಾಡಿ ಹೇಳಿದ ಆ ಸಿಂಹಾವಲೋಕನ ಕ್ರಮವೇ ಇದಲ್ಲವೆ! ಕಡೆಗೆ, ಮೋಜುಗಾರನಾಗಿ ಆರಂಭಿಸಿದ ಸ್ಟಾರ್ಕನು ಈಗ ಪುಟ್ಟ ಮಗಳ ತಂದೆ. ತನ್ನ ಬಾಳಿನಲ್ಲಿ ಅವನಿಗೆ ಮೊದಲ ಸಲ ಕಳೆದುಕೊಳ್ಳಲು ಏನಾದರೂ ಇದೆ. ಆಗಲೇ ಅವನು ಪ್ರಾಣವನ್ನು ಕೊಡುತ್ತಾನೆ. ಯುದ್ಧವೀರನಾಗಿದ್ದವನು ದಾನವೀರನಾಗುತ್ತಾನೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಕೊನೆಯ ಸಮರದಲ್ಲಿ ಯಾರು ಯಾರನ್ನು ಹೊಡೆದರೆಂಬುದೇ ತಿಳಿಯದಷ್ಟು ಗೊಂದಲವಿದೆ. ಅಳಿದ ಅರ್ಧಲೋಕ ಮರಳಿ ಬಂದದ್ದರಿಂದ ಹಿಂದಿನ ಚಿತ್ರದ ಶೋಕ ಕೊಂಚ ಅಗ್ಗವಾಯಿತು. ಆ ನಂತರ ಬಂದ ಚಿತ್ರಗಳಲ್ಲಿ ಬಹುವಿಶ್ವಗಳ ಕಲ್ಪನೆ ಬೆಳೆದು, ಒಂದು ಲೋಕದಲ್ಲಿ ಸತ್ತವನು ಇನ್ನೊಂದು ಲೋಕದಿಂದ ಬರಬಹುದೆಂದಾದ ಮೇಲೆ, ಸಾವಿಗೆ ಬೆಲೆಯೇ ಇಳಿಯಿತು. ಸ್ಟಾರ್ಕನಾಗಿ ಅಭಿನಯಿಸಿದ ರಾಬರ್ಟ್ ಡೌನಿಯವರೇ ಮುಂದಿನ ಕೂಟಚಿತ್ರದಲ್ಲಿ ಡಾಕ್ಟರ್ ಡೂಮ್ ಎಂಬ ಪ್ರತಿನಾಯಕನಾಗಿ ಬರುವರೆಂದು 2024ರಲ್ಲಿ ಪ್ರಕಟಿಸಿದಾಗ ಹಲವು ಅಭಿಮಾನಿಗಳು ಹುಬ್ಬೇರಿಸಿದರು. ನನಗೆ ಅದು ಅಷ್ಟು ವಿಚಿತ್ರವಾಗಿ ಕಾಣಲಿಲ್ಲ. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕದಲ್ಲಿ ಒಂದೇ ರಾತ್ರಿ ಒಂದನೆಯ ದುರ್ಯೋಧನ, ಎರಡನೆಯ ದುರ್ಯೋಧನ ಎಂದು ಇಬ್ಬರು ಬರುವುದುಂಟು. ಮುಖ ಬದಲಾದರೂ ಛಲ ಬದಲಾಗದಿದ್ದರೆ ಪ್ರೇಕ್ಷಕರು ಒಪ್ಪುತ್ತಾರೆ. ಮುಖ ಮರಳಿ ಬರುವುದರಿಂದ ಕೇಡಿಲ್ಲ. ಸಾವು ಸುಳ್ಳಾಗುವುದರಿಂದ ಕೇಡು.

ನಮ್ಮ ಚಿತ್ರರಂಗದಲ್ಲಿಯೂ ವೀರಕೂಟದ ಪ್ರಯತ್ನ ನಡೆಯಿತು. 2019ರ ಆಗಸ್ಟ್ 9ರಂದು ತೆರೆಕಂಡ ನಾಗಣ್ಣನವರ ‘ಕುರುಕ್ಷೇತ್ರ’ದಲ್ಲಿ ದರ್ಶನ್ ದುರ್ಯೋಧನನಾಗಿ, ಅರ್ಜುನ್ ಸರ್ಜಾ ಕರ್ಣನಾಗಿ, ರವಿಚಂದ್ರನ್ ಕೃಷ್ಣನಾಗಿ ಕೂಡಿದರು. ಅದು ರನ್ನನ ಗದಾಯುದ್ಧವನ್ನು ಆಧರಿಸಿದ ಚಿತ್ರವೆಂದು ಕೇಳಿ ಹಿರಿದಾದ ಆಸೆಯಿಂದ ಹೋಗಿದ್ದೆ. 2018ರ ನವೆಂಬರಿನಲ್ಲಿ ತೀರಿಕೊಂಡ ಅಂಬರೀಷರನ್ನು ಭೀಷ್ಮನಾಗಿ ತೆರೆಯ ಮೇಲೆ ಕಂಡಾಗ ಮನಸ್ಸು ಭಾರವಾಯಿತು. ಆದರೆ ಒಟ್ಟಿನಲ್ಲಿ ಪ್ರತಿಯೊಬ್ಬ ನಟನ ಕೀರ್ತಿಗೆ ತಕ್ಕಷ್ಟು ಮೆರೆವಣಿಗೆ ದೊರೆಯಿತೇ ಹೊರತು, ಪ್ರತಿಯೊಂದು ಪಾತ್ರದ ನಷ್ಟಕ್ಕೆ ತಕ್ಕಷ್ಟು ಮೌನ ದೊರೆಯಲಿಲ್ಲವೆಂಬುದು ನನ್ನ ಕೊರಗು. ಪಾತ್ರಕ್ಕಿಷ್ಟೆಂದು ತಾವೇ ಹಣ ಕೂಡಿಸಿ, ಹಾರ್ಮೋನಿಯಂ ಮೇಷ್ಟರಲ್ಲಿ ತಿಂಗಳುಗಟ್ಟಲೆ ಕಲಿತು ಆಡುವ ನಮ್ಮ ರೈತರ ನಾಟಕದಲ್ಲಿ, ಬೆಳಗಿನ ಜಾವ ತೊಡೆಮುರಿದು ಬಿದ್ದ ದುರ್ಯೋಧನನೆದುರು ಕಂಬಳಿ ಹೊದ್ದು ಕುಳಿತವರೆಲ್ಲ ಸುಮ್ಮನಾಗುವ ಆ ಗಳಿಗೆ ಅಲ್ಲಿ ಬರಲಿಲ್ಲ.

ಇವು ಪರದೇಶದ ಸರಕು, ಮಕ್ಕಳ ಮನಸ್ಸನ್ನು ಕೆಡಿಸುತ್ತವೆ ಎಂದು ಸಹೋದ್ಯೋಗಿಗಳು ಹೇಳುವುದುಂಟು. ಸರಕು ಪರದೇಶದ್ದಿರಬಹುದು, ಮಕ್ಕಳು ಅದನ್ನು ಕುರಿತು ಮಾಡುವ ಯೋಚನೆ ಪರದೇಶದ್ದಲ್ಲ. 2023ರಲ್ಲಿ ‘ಸ್ಪೈಡರ್‌ಮ್ಯಾನ್’ನ ಒಂದು ಸಚಿತ್ರ ಕಥೆ ಕನ್ನಡ ಮಾತುಗಳಲ್ಲಿಯೂ ತೆರೆಗೆ ಬಂದಿತು. ನಮ್ಮ ಆ ಹುಡುಗನಾದರೋ ಅದಕ್ಕೂ ನಾಲ್ಕು ವರ್ಷ ಮೊದಲೇ, ತೆಲುಗಿನಲ್ಲಿ ಕೇಳಿದ ಕಥೆಯನ್ನು ತಾನಾಗಿ ಕನ್ನಡಕ್ಕೆ ತಂದು ನನ್ನ ಮೇಜಿನ ಮೇಲಿಟ್ಟಿದ್ದ. ಕನ್ನಡ ಪಂಡಿತನಾದ ನಾನು ಅದನ್ನು ಬಾಗಿಲಲ್ಲೇ ತಡೆದೆ. ಥಾನೋಸನ ಕಣ್ಣೀರನ್ನು ಕಂಡ ಮಗುವಿಗೆ ರನ್ನನ ದುರ್ಯೋಧನನನ್ನು ಪರಿಚಯಿಸುವುದು ಎಷ್ಟು ಸುಲಭವೆಂಬುದು ಈಚಿನ ವರ್ಷಗಳಲ್ಲಿ ತರಗತಿಯಲ್ಲಿ ನನ್ನ ಅನುಭವಕ್ಕೆ ಬಂದಿದೆ. ಕಿರಿಯ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ಮಕ್ಕಳು ಯಾವ ನಾಯಕನ ಹೆಸರನ್ನು ಬರೆದರೆಂಬುದನ್ನು ನೋಡಿ ಅಂಕ ಕೊಡಬೇಡಿರಿ, ಏಕೆ ಮೆಚ್ಚಿದರೆಂಬುದನ್ನು ಓದಿ ಕೊಡಿರಿ.

ಆ ಹುಡುಗ 2020ರ ಜೂನ್‌ನಲ್ಲಿ ಮುಖಕ್ಕೆ ಮುಸುಕು ಕಟ್ಟಿಕೊಂಡು ಪರೀಕ್ಷೆ ಬರೆದು ಹೋದವನು ಮತ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅವನ ಉತ್ತರಪತ್ರಿಕೆ ನನ್ನ ಬಳಿಯೇ ಉಳಿದಿದೆ. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಮನೆಗಳಿಗೂ ಹೋಗುವುದಾದ್ದರಿಂದ ಅವನಿಗೆ ಇಲ್ಲಿ ತಿಳಿಸುತ್ತಿದ್ದೇನೆ: ನಿನ್ನ ಪ್ರಬಂಧವನ್ನು ಮತ್ತೆ ತಿದ್ದಿದ್ದೇನಪ್ಪ. ಹತ್ತಕ್ಕೆ ಎಂಟು. ಉಳಿದೆರಡು ಅಂಕಗಳನ್ನು ಕಳೆದದ್ದು ಒತ್ತಕ್ಷರಗಳ ತಪ್ಪಿಗೆ. ವಿಷಯದಲ್ಲಿ ತಪ್ಪಿದವನು ನಾನು.