ಹತೋಟಿಯು ಅವಿಶ್ವಾಸವಲ್ಲ

ದೊಡ್ಡ ಸಂಸ್ಥೆಗಳಲ್ಲಿ ಆಡಳಿತದ ಹತೋಟಿಯ ಮಾತೆತ್ತಿದೊಡನೆ, ಅದು ನೌಕರರ ಮೇಲಣ ಅವಿಶ್ವಾಸವೆಂದು ಬಗೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಭಾವನೆಯು ಎಷ್ಟು ಅಪಾಯಕರವೆಂಬುದಕ್ಕೆ 2018ನೆಯ ಇಸವಿ ಫೆಬ್ರವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವೇ ಸಾಕ್ಷಿ.

1894ರಲ್ಲಿ ಲಾಹೋರಿನಲ್ಲಿ ಸ್ವದೇಶೀ ಬಂಡವಾಳದಿಂದ ಹುಟ್ಟಿದ ಬ್ಯಾಂಕು ಇದು. ಇದರ ಮುಂಬಯಿಯ ಒಂದೇ ಶಾಖೆಯಿಂದ, ವಜ್ರದ ವರ್ತಕರ ಸಾಲಕ್ಕೆ ಬ್ಯಾಂಕೇ ಹೊಣೆಯೆಂಬ ಪತ್ರಗಳು ಈಡಿಲ್ಲದೆ, ಮಂಜೂರಾತಿಯಿಲ್ಲದೆ, ವರ್ಷಗಟ್ಟಲೆ ಪರದೇಶದ ಶಾಖೆಗಳಿಗೆ ಹೋದವು. ಮೊತ್ತವು ಮೊದಲು ಸುಮಾರು 11,400 ಕೋಟಿ ರೂಪಾಯಿಯೆಂದೂ, ಅನಂತರ 13,000 ಕೋಟಿಯನ್ನು ಮೀರಿತೆಂದೂ ತಿಳಿದುಬಂದಿತು.

ಇದು ಹೇಗೆ ಸಾಧ್ಯವಾಯಿತು? ಹೊಣೆಪತ್ರದ ಸಂದೇಶವನ್ನು ಕಳುಹಿಸುವ ‘ಸ್ವಿಫ್ಟ್’ ವ್ಯವಸ್ಥೆ ಬೇರೆ, ಬ್ಯಾಂಕಿನ ಲೆಕ್ಕವನ್ನಿಡುವ ವ್ಯವಸ್ಥೆ ಬೇರೆ. ಒಂದರಲ್ಲಿ ಹೋದುದು ಮತ್ತೊಂದರಲ್ಲಿ ತಾನಾಗಿ ದಾಖಲಾಗುತ್ತಿರಲಿಲ್ಲ. ಇದರ ದುರುಪಯೋಗವಾದೀತೆಂದು 2016ರ ಆಗಸ್ಟಿನಿಂದ ಮೂರು ಸಲವಾದರೂ ಬ್ಯಾಂಕುಗಳನ್ನು ಎಚ್ಚರಿಸಿದ್ದುದಾಗಿ ರಿಸರ್ವ್ ಬ್ಯಾಂಕು ತಿಳಿಸಿತು. ಆದಾಗ್ಯೂ ಕ್ರಮ ಜರುಗಲಿಲ್ಲ. ಒಬ್ಬ ಅಧಿಕಾರಿಯು ಅದೇ ಶಾಖೆಯಲ್ಲಿ ಏಳು ವರ್ಷಗಳವರೆಗೆ ಉಳಿದನು. ಆತನು ನಿವೃತ್ತನಾದ ಮೇಲೆ, 2018ರ ಜನವರಿಯಲ್ಲಿ ವರ್ತಕರು ಹೊಸ ಪತ್ರಗಳನ್ನು ಬೇಡಲು, ಶಾಖೆಯವರು ಪೂರ್ಣ ಈಡನ್ನು ಕೇಳಿದರು. ‘ಹಿಂದೆ ಈಡಿಲ್ಲದೆಯೇ ದೊರೆಯುತ್ತಿತ್ತಲ್ಲ’ ಎಂದು ಉತ್ತರ ಬಂದಿತು. ಹುಡುಕಿದರೆ ಲೆಕ್ಕದಲ್ಲಿ ಅದರ ಸುಳಿವೇ ಇರಲಿಲ್ಲ!

ಅಲ್ಲಿ ನಿಯಮಗಳಿಗೆ ಕೊರತೆಯಿರಲಿಲ್ಲ, ಲೆಕ್ಕತನಿಖೆಯವರೂ ಇದ್ದರು. ಆದರೆ ಸುತ್ತೋಲೆಗಳ ರಾಶಿಯು ಹತೋಟಿಯಲ್ಲ. ಬರೆದ ಕೈಯೇ ತಾಳೆ ನೋಡಬಾರದು. ಎರಡು ಲೆಕ್ಕಗಳು ದಿನದಿನವೂ ಕೂಡಿಬರಬೇಕು. ಅವಧಿ ಮೀರಿ ಯಾರೂ ಒಂದೇ ಸ್ಥಾನದಲ್ಲಿ ಬೇರೂರಬಾರದು. ಹತೋಟಿಯ ಸಾರವಿಷ್ಟೆ. ಇದು ನಮಗೆ ಹೊಸದೂ ಅಲ್ಲ. ಹಿಂದೆ ಶಾನುಭೋಗರು ಬರೆದ ಲೆಕ್ಕವನ್ನು ಜಮಾಬಂದಿಯಲ್ಲಿ ಮೇಲಿನವರು ಪರಿಶೀಲಿಸುತ್ತಿದ್ದರು. ಅದರಿಂದ ಪ್ರಾಮಾಣಿಕ ಶಾನುಭೋಗರ ಮರ್ಯಾದೆ ಕುಂದಲಿಲ್ಲ. ಅಪವಾದ ಬಂದಾಗ ಆ ಪರಿಶೀಲನೆಯೇ ಅವರಿಗೆ ರಕ್ಷೆಯಾಯಿತು.

2018ರ ಮಾರ್ಚ್ 13ರಂದು ರಿಸರ್ವ್ ಬ್ಯಾಂಕು ಇಂಥ ಹೊಣೆಪತ್ರಗಳನ್ನೇ ನಿಲ್ಲಿಸಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಪ್ರಾಮಾಣಿಕ ಆಮದು ವರ್ತಕರೂ ಆ ಬಾಗಿಲ ಹೊರಗೇ ನಿಂತರು. ಕಾಲದಲ್ಲಿ ಹತೋಟಿಯಿಡದವರು ಕಡೆಗೆ ನಿಷೇಧಕ್ಕೆ ಶರಣಾಗಬೇಕಾಗುತ್ತದೆ.

ಸರ್ಕಾರಿ ಬ್ಯಾಂಕಿನ ನಷ್ಟವೆಂದರೆ ಪ್ರಜೆಯ ನಷ್ಟ. ಆದುದರಿಂದ ಕಚೇರಿ, ಸಹಕಾರ ಸಂಘ, ಕಾರ್ಖಾನೆಗಳ ಮುಖ್ಯಸ್ಥರು ‘ನಮ್ಮವರು ನಂಬಿಕಸ್ಥರು’ ಎಂದು ಸುಮ್ಮನಿರಲಾಗದು. ನಂಬಿಕೆಯು ಗುಣ, ಪರಿಶೀಲನೆಯು ಕರ್ತವ್ಯ. ಗುಣವನ್ನು ನೆಪಮಾಡಿ ಕರ್ತವ್ಯವನ್ನು ಬಿಡುವವರು ನಂಬಿಕಸ್ಥರಿಗೇ ದ್ರೋಹ ಬಗೆಯುತ್ತಾರೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.