ಶಾಲು, ಭಾಷಣ, ಊಟ ಸಾಕು: ವಾರದ ಸಭೆ ಹಳ್ಳಿಗೆ ಬರಲಿ

ಡಿಸೆಂಬರ್ ಬಂತೆಂದರೆ ಪೊಲೀಸ್ ಇಲಾಖೆಯ ಅಪರಾಧ ತಡೆ ಮಾಸಾಚರಣೆ. ಕಾಲೇಜಿನಲ್ಲಿ ಒಂದು ಭಾಷಣ, ಬಸ್ ಸ್ಟ್ಯಾಂಡಿನಲ್ಲಿ ಒಂದು ಕರಪತ್ರ, ಸೇವಾ ಕ್ಲಬ್ಬಿನ ವಾರದ ಸಭೆಯಲ್ಲಿ ಒಂದು ಉಪನ್ಯಾಸ. ಅಂಥದೊಂದು ಸಭೆಗೆ ನಾನೂ ಹೋಗಿದ್ದೆ. ಯಾವ ಊರು, ಯಾವ ಕ್ಲಬ್ ಅಂತ ಬರೆಯಲ್ಲ. ಒಬ್ಬರ ಹೆಸರು ಹಿಡಿದರೆ ಉಳಿದವರು ನಿರಾಳವಾಗಿಬಿಡುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕು ಕಡೆ ಓಡಾಡುವ ನಮಗೆ ಕಂಡ ಸಭೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದವು.

ಗಂಟೆ ಬಾರಿಸಿದರು. ಪ್ರಾರ್ಥನೆ, ಸ್ವಾಗತ, ಹೋದ ವಾರದ ವರದಿ, ಹುಟ್ಟುಹಬ್ಬದವರಿಗೆ ಶಾಲು. ಅತಿಥಿಯಾಗಿ ಬಂದ ಅಧಿಕಾರಿ ಇಪ್ಪತ್ತು ನಿಮಿಷ ಮಾತಾಡಿದರು. ಅಪರಿಚಿತರು ಕಂಡರೆ ತಿಳಿಸಿ, ಕ್ಯಾಮೆರಾ ಹಾಕಿಸಿ, ಹೆಣ್ಣುಮಕ್ಕಳು ಸರ ಕಾಣದ ಹಾಗೆ ಸೆರಗು ಹೊದ್ದುಕೊಳ್ಳಿ. ಚಪ್ಪಾಳೆ, ಫೋಟೊ. ಪ್ರಶ್ನೆ ಕೇಳೋಣ ಅನ್ನುವಷ್ಟರಲ್ಲಿ ಊಟಕ್ಕೆ ಏಳಿ ಅಂದರು.

ನನ್ನ ಪಕ್ಕ ಅಡಿಕೆ ಬೆಳೆಗಾರರೊಬ್ಬರು ಕೂತಿದ್ದರು. ಕ್ಲಬ್ಬಿನ ಸದಸ್ಯರಲ್ಲ, ಯಾರದೋ ನೆಂಟರು. ಕೈ ತೊಳೆಯುವಾಗ ಮೆಲ್ಲಗೆ ಹೇಳಿದರು: "ಅಪರಿಚಿತರು ಎಲ್ಲಿಂದ ಬರ್ತಾರ್ರೀ ನಮ್ಮ ತೋಟಕ್ಕೆ? ಖೇಣಿ ಯಾರಿಗೆ ಕೊಟ್ಟೀನಿ, ಗೊನೆ ಯಾವತ್ತು ಇಳಿಸ್ತೀನಿ, ಅಡಿಕೆ ಯಾವ ಕಣದಾಗೆ ಒಣಗ್ತಾ ಐತೆ ಅಂತ ಗೊತ್ತಿರೋನೇ ಬರೋದು."

ಇಪ್ಪತ್ತು ನಿಮಿಷದ ಭಾಷಣದಲ್ಲಿ ಇಲ್ಲದ ವಿಷಯ ಈ ಮಾತಿನಲ್ಲಿತ್ತು.

ಅನುಮಾನವಿದ್ದರೆ ನ್ಯಾಮತಿಯ ಕಡೆ ನೋಡಿ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಸ್‌ಬಿಐ ಶಾಖೆಯಿಂದ ಸುಮಾರು 17.7 ಕೆ.ಜಿ. ಚಿನ್ನ ಹೋಯಿತು. ಬೆಲೆ ಸುಮಾರು 13 ಕೋಟಿ ರೂಪಾಯಿ. ಅದು ಜನ ಅಡವಿಟ್ಟ ಚಿನ್ನ. ಬಿತ್ತನೆಗೆ, ಆಸ್ಪತ್ರೆಗೆ, ಮಗಳ ಫೀಸಿಗೆ ಅಂತ ಮನೆಯ ಹೆಣ್ಣುಮಕ್ಕಳ ಕೊರಳಿನಿಂದ ಇಳಿದದ್ದು. ನಾಲ್ಕನೇ ಶನಿವಾರ, ಭಾನುವಾರ ಎರಡೂ ರಜೆ. 28ರ ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆದಾಗಲೇ ಗೊತ್ತಾಗಿದ್ದು. ಕಿಟಕಿಯ ಕಂಬಿ ಕತ್ತರಿಸಿ ಒಳನುಗ್ಗಿದ್ದರು, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದಿದ್ದರು, ಖಾರದ ಪುಡಿ ಎರಚಿದ್ದರು, ಕ್ಯಾಮೆರಾದ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು. (ಕ್ಯಾಮೆರಾ ಹಾಕಿಸಿ ಅನ್ನುವ ಭಾಷಣಕ್ಕೆ ಇದೂ ಒಂದು ಉತ್ತರ.)

ಆಗ ಊರವರ ಬಾಯಲ್ಲಿ ಒಂದೇ ಮಾತು, ಹೊರರಾಜ್ಯದ ಗ್ಯಾಂಗ್. ತನಿಖೆಯೂ ಮೊದಲು ಆ ದಿಕ್ಕಿನಲ್ಲೇ ಹುಡುಕಿಕೊಂಡು ಹೋಯಿತು. ಐದು ತಿಂಗಳ ಮೇಲೆ, 2025ರ ಮಾರ್ಚ್ ಕೊನೆಯಲ್ಲಿ ಆರು ಜನರನ್ನು ಬಂಧಿಸಿದ ವಿಷಯವನ್ನು ಪೊಲೀಸರು ಹೇಳಿದರು. ಚಿನ್ನದ ಬಹುಪಾಲು ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ ಸಿಕ್ಕಿತ್ತು. ಪೊಲೀಸರ ಪ್ರಕಾರ ಇದರ ಮುಖ್ಯ ಆರೋಪಿ ಯಾರು? ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ನಡೆಸುತ್ತಿದ್ದವನು. ಮೂಲ ತಮಿಳುನಾಡಾದರೂ ಊರಿಗೆ ಪರಿಚಯದವನೇ. ಅದೇ ಬ್ಯಾಂಕಿನಲ್ಲಿ 15 ಲಕ್ಷ ಸಾಲ ಕೇಳಿ, ಸಿಗದೆ ವಾಪಸಾಗಿದ್ದವನು. ಬಂಧಿತರಲ್ಲಿ ನ್ಯಾಮತಿಯ ಯುವಕರೂ ಇದ್ದರು. ವಿಚಾರಣೆ ಕೋರ್ಟಿನದು, ತೀರ್ಪು ನಾವು ಬರೆಯುವುದಿಲ್ಲ. ಆದರೆ 'ಅಪರಿಚಿತರು ಕಂಡರೆ ತಿಳಿಸಿ' ಅನ್ನುವ ಒಂದೇ ಪಾಠ ಕಲಿತ ಸ್ವಯಂಸೇವಕ ಆ ಅಂಗಡಿಯ ಮುಂದೆ ನಿಂತಿದ್ದರೆ ಏನು ಮಾಡುತ್ತಿದ್ದ? ಕಾಲು ಕೆ.ಜಿ. ಮೈಸೂರು ಪಾಕು ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದ.

ಇನ್ನೊಂದು ವಿಷಯವನ್ನೂ ಪೊಲೀಸರು ಹೇಳಿದ್ದಾರೆ. ಕಳ್ಳತನಕ್ಕೆ ಮುಂಚೆ ಆರೋಪಿಗಳು ರಾತ್ರಿ ಹೊತ್ತು ಹೊಲಗಳ ಮೇಲಿಂದ ಬ್ಯಾಂಕಿನತ್ತ ನಡೆದು ಬಂದು, ಜನರ ಓಡಾಟ ಎಷ್ಟು, ಗಸ್ತು ಯಾವಾಗ ಅಂತ ನೋಡಿಕೊಂಡಿದ್ದರಂತೆ. ಅಂದರೆ ಅವರು ನೋಡಿದ್ದು ಮನುಷ್ಯರ ಮುಖವನ್ನಲ್ಲ, ಜಾಗವನ್ನು. ಯಾವ ಕಿಟಕಿ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ದಾರಿಯಲ್ಲಿ ದೀಪವಿಲ್ಲ, ಯಾವ ಎರಡು ದಿನ ಬಾಗಿಲು ಹಾಕಿರುತ್ತದೆ ಅನ್ನುವುದನ್ನು. ಊರು ಕಾಯುವವರು ಮೊದಲು ನೋಡಬೇಕಾದ್ದೂ ಇದನ್ನೇ. ಯಾವ ಬೀದಿದೀಪ ಕೆಟ್ಟು ಎಷ್ಟು ದಿನವಾಯಿತು? ಸೊಸೈಟಿಯ ಗೋದಾಮಿನ ಹಿಂಬಾಗಿಲಿಗೆ ಬೀಗವಿದೆಯಾ? ಜಗಳೂರು ಕಡೆ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿಕೊಂಡು ಹೋಗುವವರು ತಾಮ್ರವನ್ನು ಎಲ್ಲೋ ಮಾರಲೇಬೇಕಲ್ಲ, ಅದನ್ನು ಕೊಳ್ಳುವ ಗುಜರಿಯವರು ಯಾರು? ಇಂಥ ಪ್ರಶ್ನೆಗೆ ಶಾಲು ಹೊದೆಸಲು ಬರುವುದಿಲ್ಲ, ಫೋಟೊವೂ ಚೆನ್ನಾಗಿ ಬರುವುದಿಲ್ಲ.

ಈಗ ಇದರ ಇನ್ನೊಂದು ಮುಖ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಆ ವಿಡಿಯೊ ನಮ್ಮ ಗುಂಪಿನ ಎಲ್ಲರ ಫೋನಿಗೂ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿಯಲ್ಲಿ, ಕಳವು ಮಾಡಿದ ಅನ್ನುವ ಅನುಮಾನಕ್ಕೆ ಒಬ್ಬ ಬಾಲಕನನ್ನು ಅಡಿಕೆ ಮರಕ್ಕೆ ಕಟ್ಟಿ ಹೊಡೆದರು. ಮೈಮೇಲೆ ಕೆಂಪಿರುವೆ ಬಿಟ್ಟರು. ಒಬ್ಬರು ಫೋನ್ ಹಿಡಿದು ಚಿತ್ರೀಕರಿಸಿದರು. ಹೊಡೆದವರು ಜೈಲಿಗೆ ಹೋದರು.

ಅಲ್ಲಿದ್ದವರಲ್ಲಿ ಎಷ್ಟು ಜನ ತಾವು ಊರಿನ ಕಳ್ಳತನ ತಡೆಯುತ್ತಿದ್ದೇವೆ ಅಂದುಕೊಂಡಿದ್ದರೋ! "ಪೊಲೀಸರು ಬರಲ್ಲ, ನಾವೇ ಬುದ್ಧಿ ಕಲಿಸಬೇಕು" ಅನ್ನುವ ಮಾತನ್ನು ನಮ್ಮ ಕಟ್ಟೆಗಳ ಮೇಲೆ ನಾವೆಲ್ಲ ಕೇಳಿದ್ದೇವೆ, ಕೆಲವು ಸಲ ತಲೆಯನ್ನೂ ಆಡಿಸಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸ್ಆ್ಯಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದಿತು. ಅವರಿಗೂ ತಾವು ಕಾವಲುಗಾರರು ಅಂತಲೇ ಅನ್ನಿಸಿದ್ದು.

ಕಾನೂನು ಏನು ಹೇಳುತ್ತದೆ ಅಂತ ಆ ವಾರದ ಸಭೆಯಲ್ಲಿ ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ನಿಮ್ಮ ಕಣ್ಣೆದುರಿಗೇ ಜಾಮೀನು ಇಲ್ಲದ, ವಾರಂಟ್ ಬೇಡದ ಅಪರಾಧ ನಡೆದರೆ, ಮಾಡಿದವನನ್ನು ನೀವು ಹಿಡಿಯಬಹುದು. ಹಿಡಿದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 'ಅನುಮಾನ ಬಂತು' ಅಂದರೆ ಸಾಲದು. ಮರಕ್ಕೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಒಂದು ಏಟು ಬಿದ್ದರೂ ದೂರುದಾರರಾಗಬೇಕಿದ್ದ ನೀವೇ ಆರೋಪಿ.

ಪೊಲೀಸರು ಬರಲ್ಲ ಅನ್ನುವ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಮೋಟಾರು ಕಳೆದುಕೊಂಡ ರೈತನನ್ನು ಠಾಣೆಯಲ್ಲಿ ಹೇಗೆ ಮಾತಾಡಿಸುತ್ತಾರೆ ಅಂತ ನನಗೂ ಗೊತ್ತು. 2024ರ ಮೇ 24ರ ರಾತ್ರಿ ಚನ್ನಗಿರಿ ಠಾಣೆಯಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಮಟ್ಕಾ ಆರೋಪದಲ್ಲಿ ಕರೆತಂದ ವ್ಯಕ್ತಿ ಸತ್ತರು, ಗುಂಪು ಠಾಣೆಗೇ ನುಗ್ಗಿತು, ಪೊಲೀಸರು ಗಾಯಗೊಂಡರು, ಇಬ್ಬರು ಅಧಿಕಾರಿಗಳು ಅಮಾನತಾದರು. ನಂಬಿಕೆ ಇಷ್ಟು ಕೆಟ್ಟಿರುವಲ್ಲಿ ಅಧಿಕಾರಿ ಹೇಳುವುದು, ಜನ ಚಪ್ಪಾಳೆ ತಟ್ಟುವುದು ಅನ್ನುವ ಸಭೆಯಿಂದ ಏನೂ ಆಗುವುದಿಲ್ಲ. ಅಧಿಕಾರಿ ಉತ್ತರಿಸುವ ಸಭೆ ಬೇಕು.

ಅಂಥ ಸಭೆಗೆ ಹೊಸ ಆದೇಶವೇನೂ ಬೇಡ. ರಾಜ್ಯದಲ್ಲಿ 2017ರಿಂದ ಸುಧಾರಿತ ಬೀಟ್ ವ್ಯವಸ್ಥೆ ಇದೆ. ಪ್ರತಿ ಬೀಟಿಗೆ ಒಬ್ಬ ಪೊಲೀಸ್, ಜೊತೆಗೆ ಊರಿನ ನಾಗರಿಕರು ಅನ್ನುವುದು ಅದರ ಲೆಕ್ಕ. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. ಅದಕ್ಕೂ ಹಿಂದೆ, 1964ರಲ್ಲೇ ಗ್ರಾಮ ರಕ್ಷಣಾ ದಳಕ್ಕೆ ಕರ್ನಾಟಕದಲ್ಲಿ ಕಾಯ್ದೆ ಆಗಿದೆ. ಇನ್ನೂ ಹಿಂದೆ ಹೋದರೆ ನಮ್ಮ ತಳವಾರ, ತೋಟಿಗಳು. ಕಾಗದದಲ್ಲಿ ಕಾವಲಿಗೆ ಬರವಿಲ್ಲ. ಈಗ ನಿಮ್ಮ ಫೋನ್ ತೆಗೆದು ನೋಡಿ: ನಿಮ್ಮ ಊರಿನ ಬೀಟ್ ಪೊಲೀಸ್ ಹೆಸರು, ನಂಬರ್ ಇದೆಯಾ? ಆ ಸಭೆಯ ಊಟದ ಸಾಲಿನಲ್ಲಿ ನಾನು ಏಳೆಂಟು ಜನರನ್ನು ಕೇಳಿದೆ. ಒಬ್ಬರ ಹತ್ತಿರವೂ ಇರಲಿಲ್ಲ. ಇನ್‌ಸ್ಪೆಕ್ಟರ್ ನಂಬರ್ ಮಾತ್ರ ಎಲ್ಲರ ಹತ್ತಿರವೂ ಇತ್ತು! ಹಳ್ಳಿಯವರಿಗೆ ಅದೂ ಇಲ್ಲ.

ಕ್ಲಬ್ಬಿನ ಹಿರಿಯರೇ, ನಿಮ್ಮ ಮೇಲೆ ದ್ವೇಷವಿಲ್ಲ. ರಕ್ತದಾನ, ಕಣ್ಣಿನ ಶಿಬಿರ ಮಾಡಿದ್ದೀರಿ, ನಮ್ಮ ಅಜ್ಜಿಯರ ಪೊರೆ ತೆಗೆಸಿದ್ದೀರಿ. ಆದರೆ ರೋಟರಿ ಅನ್ನುವ ಹೆಸರು ಹೇಗೆ ಬಂತು ನೆನಪಿಸಿಕೊಳ್ಳಿ. 1905ರಲ್ಲಿ ಶಿಕಾಗೊದಲ್ಲಿ ಶುರುವಾದಾಗ ಸದಸ್ಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ಸುತ್ತುವ ಸಭೆ, ಅದಕ್ಕೇ ಆ ಹೆಸರು. ನಮ್ಮಲ್ಲಿ ಅದು ಸುತ್ತುವುದನ್ನು ಬಿಟ್ಟು ಒಂದೇ ಹಾಲಿನಲ್ಲಿ ಕೂತಿದೆ. ನಿಮ್ಮ ನಾಲ್ಕು ಪ್ರಶ್ನೆಗಳ ಪರೀಕ್ಷೆಯಲ್ಲಿ ಮೊದಲನೆಯದು, ಇದು ನಿಜವೇ ಅನ್ನುವುದು. ಮಕ್ಕಳ ಕಳ್ಳರ ಮೆಸೇಜು ಬಂದ ರಾತ್ರಿ ಹಳ್ಳಿಯ ಕಟ್ಟೆಯ ಮೇಲೆ ಆ ಪ್ರಶ್ನೆ ಕೇಳುವವರು ಬೇಕು.

ವಾರದ ನಾಲ್ಕು ಸಭೆಗಳಲ್ಲಿ ಎರಡನ್ನು ಹೊರಗೆ ಮಾಡಿ. ಚನ್ನಗಿರಿಯವರು ಸಂತೇಬೆನ್ನೂರಿಗೆ, ಬಸವಾಪಟ್ಟಣಕ್ಕೆ ಹೋಗಿ. ಹೊನ್ನಾಳಿಯವರು ಸಾಸ್ವೆಹಳ್ಳಿಗೆ, ನ್ಯಾಮತಿಯವರು ಸವಳಂಗಕ್ಕೆ, ಬೆಳಗುತ್ತಿಗೆ, ಜಗಳೂರಿನವರು ಬಿಳಿಚೋಡಿಗೆ ಹೋಗಿ. ಬೀಟ್ ಪೊಲೀಸರನ್ನು ಕರೆಯಿರಿ, ಅವರು ನಿಂತು ಲೆಕ್ಕ ಕೊಡಲಿ: ಹೋದ ತಿಂಗಳು ಎಷ್ಟು ದೂರು ಬಂತು, ಎಷ್ಟಕ್ಕೆ ಎಫ್‌ಐಆರ್ ಆಯಿತು. ನಿಮ್ಮಲ್ಲಿ ವಕೀಲರಿದ್ದಾರೆ. ದೂರು ಬರೆಯಲು ಬಾರದ ಹೆಂಗಸಿನ ಜೊತೆ ಒಬ್ಬರು ಠಾಣೆಗೆ ಹೋಗಿ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕೇಳಿ ಪಡೆಯಿರಿ. ನಿಮ್ಮಲ್ಲಿ ಬ್ಯಾಂಕಿನವರಿದ್ದಾರೆ. ಫೋನಿನಲ್ಲಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದರೆ ಅಂಥ ಬಂಧನ ಕಾನೂನಿನಲ್ಲೇ ಇಲ್ಲ, ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ಅಂತ ಮನೆಮನೆಗೆ ಹೇಳಿ. ತುರ್ತಿಗೆ 112. ಎಲೆಕ್ಟ್ರಿಕಲ್ ಅಂಗಡಿಯವರಿದ್ದರೆ ಕೆಟ್ಟ ದೀಪಗಳ ಪಟ್ಟಿ ಹಿಡಿದು ಪಂಚಾಯಿತಿಗೆ ಹೋಗಿ.

ಶಾಲು ತರಬೇಡಿ. ಬರುವ ದಿನ ಎರಡು ದಿನ ಮುಂಚೆ ಹೇಳಿ, ಸಾಕು. ಶಾಲೆಯ ಬೆಂಚು ನಾವು ಹಾಕಿಸುತ್ತೇವೆ, ಮಂಡಕ್ಕಿ ಮೆಣಸಿನಕಾಯಿ ಊರವರದು. ಸಂಜೆ ಏಳಕ್ಕೇ ಬನ್ನಿ, ಒಂಬತ್ತರ ಮೇಲೆ ಆ ದಾರಿಯಲ್ಲಿ ದೀಪವಿಲ್ಲ.