ಬೆಲ್ಲದ ಬಣ್ಣ

ಕಳೆದ ಸಂಕ್ರಾಂತಿಗೆ ಎರಡು ದಿನ ಮುಂಚೆ ಎಳ್ಳು-ಬೆಲ್ಲದ ಸಾಮಾನು ತರಲು ಮದ್ದೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಎರಡು ಬಗೆಯ ಅಚ್ಚು ಬೆಲ್ಲವನ್ನು ಮುಂದಿಟ್ಟರು. ಒಂದು ಹೊಂಬಣ್ಣದ್ದು, ಕಣ್ಣಿಗೆ ಹಬ್ಬ. ಇನ್ನೊಂದು ಕಂದು ಬಣ್ಣದ್ದು, ಕೈಗೆ ತುಸು ಅಂಟುವಂಥದು. ನನ್ನ ಪಕ್ಕದಲ್ಲಿ ನಿಂತಿದ್ದ ಮೂವರೂ ಹೊಂಬಣ್ಣದ ಬೆಲ್ಲವನ್ನೇ ಕಟ್ಟಿಸಿಕೊಂಡರು. ನಾನು ಕಂದು ಬೆಲ್ಲಕ್ಕೆ ಕೈಯಿಟ್ಟಾಗ ಅಂಗಡಿಯವರೇ ತಡೆದು, "ಅದು ಕಷಾಯಕ್ಕೆ ತಕ್ಕೊಂಡೋಗ್ತಾರೆ ಸಾರ್, ಹಬ್ಬಕ್ಕೆ ಚೆಂದ ಕಾಣಾಕಿಲ್ಲ" ಎಂದರು. ಬೆಲ್ಲದ ನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಬೆಲ್ಲದ ವಿಷಯದಲ್ಲಿ ದೊರೆತ ಈ ಪಾಠವನ್ನು ಮನೆಗೆ ಬರುವವರೆಗೂ ಮೆಲುಕು ಹಾಕುತ್ತಾ ಬಂದೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನನ್ನ ಬಾಲ್ಯದಲ್ಲಿ ಆಲೆಮನೆ ಹೂಡಿದರೆಂದರೆ ಶಾಲೆಯ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. ಎತ್ತುಗಳು ಗಾಣ ಸುತ್ತುತ್ತಿದ್ದವು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಚಿಟಿಕೆ ಸುಣ್ಣ ಹಾಕುತ್ತಿದ್ದರು. ಜಜ್ಜಿದ ಬೆಂಡೆಗಿಡದ ಲೋಳೆಯನ್ನು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲಕ್ಕೆ ಬರುತ್ತಿತ್ತು, ಅದನ್ನು ಜರಡಿಯಲ್ಲಿ ತೆಗೆದು ಬಿಸಾಡುತ್ತಿದ್ದರು. ಪಾಕ ಉಕ್ಕಿದರೆ ನಾಲ್ಕು ಹನಿ ಹರಳೆಣ್ಣೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ. ಹದ ನೋಡುವವರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುವರು. ನಾವು ಹುಡುಗರು ಕಬ್ಬಿನ ಜಲ್ಲೆಯ ತುದಿಯನ್ನು ಅದೇ ಪಾಕದಲ್ಲಿ ಅದ್ದಿ, ನಾಲಿಗೆ ಸುಟ್ಟುಕೊಂಡು ಚೀಪುತ್ತಿದ್ದೆವು. ಆ ಬೆಲ್ಲದ ಬಣ್ಣ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಮಣ್ಣಿಗೆ ತಕ್ಕ ಬಣ್ಣ, ಅಷ್ಟೇ.

ಈ ಕಬ್ಬು ನಮ್ಮ ಸೀಮೆಗೆ ಬಂದ ಕಥೆಯನ್ನು ಮಂಡ್ಯದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುವ ಹೊತ್ತಿಗೆ, ಆಗ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗವನ್ನು ಹಾದು ಈ ಒಣನೆಲಕ್ಕೆ ನೀರು ತಂದಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪರಿಶ್ರಮವೂ ಸೇರಿ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಮೈಷುಗರ್ ಎಂದರೆ ನಮಗೆ ಒಂದು ಕಾರ್ಖಾನೆ ಮಾತ್ರವಾಗಿರಲಿಲ್ಲ. ಮಗಳ ಮದುವೆ, ಮಗನ ಹಾಸ್ಟೆಲ್ ಶುಲ್ಕ, ಮನೆಯ ಹೆಂಚು, ಎಲ್ಲವೂ ಅದರ ಹೊಗೆಗೊಳವೆಯನ್ನೇ ನೋಡಿಕೊಂಡಿದ್ದವು. ಕೆಲವು ವರ್ಷ ಬಾಗಿಲು ಮುಚ್ಚಿದ್ದ ಅದು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಹಳಬರ ಕಣ್ಣು ಒದ್ದೆಯಾದುದನ್ನು ಕಂಡಿದ್ದೇನೆ.

ಹಬ್ಬ ಮುಗಿದ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಡೆಸುವ ಆಲೆಮನೆಗೆ ಹೋದೆ. ಐವತ್ತು ದಾಟಿದ ಗೃಹಸ್ಥ. ಆದರೂ ಹಗ್ಗದ ಮಂಚದಿಂದ ಎದ್ದು ನಿಂತ. ಎತ್ತಿನ ಗಾಣ ಹೋಗಿ ಯಂತ್ರ ಬಂದಿದೆ, ಕೆಲಸಕ್ಕೆ ಉತ್ತರ ಭಾರತದ ಹುಡುಗರಿದ್ದಾರೆ. ಕೊಪ್ಪರಿಗೆಯ ಪಕ್ಕದಲ್ಲಿ ಒಂದು ಬಿಳಿಯ ಪುಡಿಯ ಡಬ್ಬಿಯಿತ್ತು. ನಾನು ಕೇಳುವ ಮೊದಲೇ ಅವನು ತಲೆ ತಗ್ಗಿಸಿ, "ಹೈಡ್ರೋಸ್ ಸಾ" ಎಂದ.

ಇದು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರೂ ಬಣ್ಣ ತೆಗೆಯುವವರೂ ಬಳಸುವ ರಾಸಾಯನಿಕ. ಕುದಿಯುವ ಪಾಕಕ್ಕೆ ಬಿದ್ದರೆ ಕಂದು ಬಣ್ಣ ಕಳೆದು ಬೆಲ್ಲ ತಿಳಿಯಾಗುತ್ತದೆ. ಗಂಧಕದ ಅಂಶ ಬೆಲ್ಲದೊಳಗೆ ಉಳಿಯುತ್ತದೆ, ಉಬ್ಬಸವಿರುವವರಿಗೆ ಅದು ಆಗಿಬರುವುದಿಲ್ಲ. ವಿಚಿತ್ರವೆಂದರೆ ಈ ಅಂದವೂ ಶಾಶ್ವತವಲ್ಲ: ಕೆಲವು ತಿಂಗಳು ಇಟ್ಟರೆ ಆ ಬೆಲ್ಲ ಮತ್ತೆ ಕಪ್ಪಿಡುತ್ತದೆ. ಇದರ ಜೊತೆಗೆ ಕೃತಕ ಬಣ್ಣವುಂಟು, ಅಗ್ಗದ ಸಕ್ಕರೆಯನ್ನು ಪಾಕಕ್ಕೆ ಸುರಿದು ತೂಕ ಹೆಚ್ಚಿಸುವುದುಂಟು.

"ಯಾಕಪ್ಪಾ ಹಾಕುತ್ತೀಯೆ?" ಎಂದೆ.

"ಮಂಡ್ಯದ ಮಾರ್ಕೆಟ್ಟಲ್ಲಿ ಬಣ್ಣ ನೋಡಿ ರೇಟು ಕೂಗ್ತಾರೆ ಸಾ. ಕಂದು ಬೆಲ್ಲ ತಕ್ಕೊಂಡೋದ್ರೆ ಕ್ವಿಂಟಾಲ್‌ಗೆ ಇಷ್ಟು ಅಂತ ಮುರ್ಕಂಡೇ ಮಾತಾಡೋದು. ನಮ್ಮನೆಗೆ ಬೇರೆ ಮಾಡ್ಕತೀವಿ. ಅದಕ್ಕೇನೂ ಹಾಕಾಕಿಲ್ಲ."

ಓದುಗ ಮಿತ್ರರೇ, ಆ ಕೊನೆಯ ಎರಡು ಮಾತುಗಳು ಇಂದಿಗೂ ನನ್ನನ್ನು ಕೊರೆಯುತ್ತಿವೆ. ಅವನಿಗೆ ಅಜ್ಞಾನವಿಲ್ಲ, ತಿಳಿದೇ ಮಾಡುತ್ತಿದ್ದಾನೆ. ಅವನನ್ನು ಬೈಯುವುದು ಸುಲಭ, ಬೈದೂ ಬಂದೆ. ಆದರೆ ಆ ಹೊಂಬಣ್ಣವನ್ನು ಬೇಡಿದವರು ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದವರು. ಎಷ್ಟೋ ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ.

ಇನ್ನು ಅವನು ಕಬ್ಬನ್ನು ಕಾರ್ಖಾನೆಗೆ ಕಳಿಸದೆ ಆಲೆಮನೆಯಲ್ಲೇ ಏಕೆ ಅರೆಯುತ್ತಾನೆ? ಕಾರ್ಖಾನೆಯ ಹಣ ಹೊತ್ತಿಗೆ ಬಾರದು, ಆಲೆಮನೆಯ ಹಣ ಬೆಲ್ಲ ಮಾರಿದ ದಿನವೇ ಕೈಗೆ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳಲ್ಲಿ ರೈತನಿಗೆ ಹಣ ಸಲ್ಲಬೇಕು. ತಡವಾದರೆ ಶೇ. 15ರ ಬಡ್ಡಿಯನ್ನೂ ಕೊಡಬೇಕು. ಆ ಬಡ್ಡಿಯನ್ನು ಕೈಯಾರೆ ಎಣಿಸಿಕೊಂಡ ರೈತನನ್ನು ನಾನಿನ್ನೂ ಕಂಡಿಲ್ಲ. 2015ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ರೈತರೊಬ್ಬರು ತಮ್ಮದೇ ಕಬ್ಬಿನ ಗದ್ದೆಗೆ ಬೆಂಕಿಯಿಟ್ಟು ಅದರೊಳಕ್ಕೆ ಹಾರಿದರು. ಆ ವರ್ಷ ರಾಜ್ಯದ ಉದ್ದಗಲಕ್ಕೂ ರೈತರ ಆತ್ಮಹತ್ಯೆಗಳು ನಡೆದವು. ಅಂದಿನ ಪತ್ರಿಕೆಯನ್ನು ಮಡಚಿ ಬೀರುವಿನಲ್ಲಿಟ್ಟವನು ಮತ್ತೆ ತೆಗೆದು ನೋಡುವ ಧೈರ್ಯ ಮಾಡಿಲ್ಲ.

ಮಳವಳ್ಳಿ, ಮದ್ದೂರಿನ ರೈತನಿಗೆ ಇನ್ನೊಂದು ಕಷ್ಟವೂ ಉಂಟು. ನಾವು ನಾಲೆಯ ಕೊನೆ ಭಾಗದವರು. ಕಟ್ಟೆಯಲ್ಲಿ 124.80 ಅಡಿ ತುಂಬಿತೆಂದು ಮಂಡ್ಯದಲ್ಲಿ ಪಟಾಕಿ ಹೊಡೆದರೂ ನಮ್ಮ ತೂಬಿಗೆ ನೀರು ಬರುವುದು ಮೇಲಿನವರ ಗದ್ದೆ ತುಂಬಿದ ಮೇಲೆಯೇ. 2016ರಲ್ಲಿಯೂ 2023ರಲ್ಲಿಯೂ ಮಳೆ ಕೈಕೊಟ್ಟಾಗ ಮೊದಲು ಒಣಗಿದ್ದು ಕೊನೆ ಭಾಗವೇ. ಹನ್ನೆರಡು ತಿಂಗಳು ನೀರು ಬೇಡುವ ಕಬ್ಬನ್ನು ನೀರಿನ ಭರವಸೆಯಿಲ್ಲದ ನೆಲದಲ್ಲಿ ನೆಡುವುದು ಜೂಜಲ್ಲವೇ ಎಂದು ಕೇಳಬಹುದು. ಜೂಜೇ ಹೌದು. ಈ ನೆಲದ ಹಳೆಯ ಬೆಳೆ ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿಯೇ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ 'ಇಂಡಾಫ್' ರಾಗಿಯನ್ನು ಕೊಟ್ಟರು. ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ಮನಲ್ಲ. ನಮ್ಮ ಅಜ್ಜನ ಕಾಲದಲ್ಲಿ ರಾಗಿಯನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ, ಯಾವ ಪುಡಿಯೂ ಬೇಕಿರಲಿಲ್ಲ. ಇಂದಿನವರು ಆಹಾರ ಭದ್ರತೆ ಎನ್ನುವುದು ಅಂದು ಮನೆಯಂಗಳದ ಆ ಗುಂಡಿಯಲ್ಲಿತ್ತು. 2013ರ ಅನ್ನಭಾಗ್ಯ ಹಸಿವನ್ನು ತಗ್ಗಿಸಿದ್ದು ನಿಜ, ಅದನ್ನು ಹಗುರವಾಗಿ ಆಡುವವರ ಜೊತೆ ನಾನು ಸೇರಲಾರೆ. ಆದರೆ ತಟ್ಟೆಯಲ್ಲಿನ ಮುದ್ದೆ ಸಣ್ಣದಾಗುತ್ತಾ ಬಂದುದೂ ನಿಜವೇ.

ನಮ್ಮ ತಾಲ್ಲೂಕನ್ನು ಬೆಚ್ಚಿಬೀಳಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. 2025ರ ಮಾರ್ಚ್‌ನಲ್ಲಿ ಮಳವಳ್ಳಿಯಲ್ಲಿ ಹೋಳಿಯ ಸಂಭ್ರಮಕ್ಕೆ ಮಾಡಿಸಿದ ಊಟದಲ್ಲಿ ಉಳಿದದ್ದನ್ನು ಟಿ. ಕಾಗೇಪುರದ ವಸತಿ ಶಾಲೆಯೊಂದರ ಮಕ್ಕಳಿಗೆ ಕಳಿಸಲಾಯಿತು. ಮಕ್ಕಳು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ಮೇಘಾಲಯದಿಂದ ಓದಲೆಂದು ಬಂದಿದ್ದ ಇಬ್ಬರು ಹುಡುಗರು ತೀರಿಕೊಂಡರು. ಉಳಿದ ಊಟವನ್ನು ಹಾಸ್ಟೆಲಿಗೆ ಕಳಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಅನ್ನ ಮಾಡಿ ಎಷ್ಟು ಗಂಟೆಯಾಯಿತು, ಎಲ್ಲಿಟ್ಟಿದ್ದರು ಎಂದು ಕೇಳುವುದು ಅಪಚಾರವೆನ್ನಿಸುತ್ತದೆ. ನಾನು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ಅಕ್ಷರ ದಾಸೋಹದ ಊಟವನ್ನು ಮಕ್ಕಳಿಗಿಂತ ಮೊದಲು ನಾವು ರುಚಿ ನೋಡುತ್ತಿದ್ದೆವು. ಕೆಲವು ಸಹೋದ್ಯೋಗಿಗಳಿಗೆ ಅದು ನಗೆಯ ವಿಷಯವಾಗಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆಯುಂಡು 23 ಮಕ್ಕಳು ಸತ್ತ ಸುದ್ದಿ ಬಂದ ಮೇಲೆ ಆ ನಗೆ ನಿಂತಿತು.

ಆಹಾರ ಸುರಕ್ಷತಾ ಕಾಯಿದೆ 2006ರಲ್ಲಿಯೇ ಬಂದಿದೆ. ಅಧಿಕಾರಿಗಳು ಆಲೆಮನೆಗೆ ಬಂದು ದಂಡ ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ದಂಡ ತೆತ್ತವನು ಮರುದಿನ ಅದೇ ಮಾರುಕಟ್ಟೆಗೆ ಹೋಗಬೇಕು, ಅಲ್ಲಿ ಅದೇ ಬಣ್ಣಕ್ಕೆ ಅದೇ ಬೆಲೆ. ಮಾರುಕಟ್ಟೆಯ ಅಂಗಳದಲ್ಲಿಯೇ ಪರೀಕ್ಷೆ ನಡೆದು, ರಾಸಾಯನಿಕವಿಲ್ಲದ ಬೆಲ್ಲಕ್ಕೆ ಬೇರೆ ರಾಶಿ, ಬೇರೆ ಹರಾಜು ಆಗಬೇಕು. ಮಂಡ್ಯ ಜಿಲ್ಲೆಯ ವಿಶಿಷ್ಟ ಉತ್ಪನ್ನವೆಂದು ಬೆಲ್ಲವನ್ನೇ ಆರಿಸಿದ ಸರ್ಕಾರಕ್ಕೆ ಇದು ಭಾರವಾದ ಕೆಲಸವಲ್ಲ. ಕಾರ್ಖಾನೆಗಳು 14 ದಿನದ ಮಾತನ್ನು ಉಳಿಸಿಕೊಂಡರಂತೂ ಅರ್ಧ ರೋಗ ವಾಸಿ.

ಅಂದು ಹೊರಡುವಾಗ ಹುಡುಗ (ಐವತ್ತಾದರೂ ನನಗೆ ಹುಡುಗನೇ) ಮನೆಗೆಂದು ಮಾಡಿಟ್ಟಿದ್ದ ಎರಡು ಅಚ್ಚು ತಂದು ನನ್ನ ಚೀಲಕ್ಕೆ ಹಾಕಿದ. "ನಮಗೂ ಇಂಥದೇ ಮಾಡಿಕೊಡು, ಕಾಸು ಹೆಚ್ಚಾದರೂ ಸರಿ" ಎಂದೆ. "ಒಬ್ಬರಿಗೆ ಮಾಡಾಕಾಗಲ್ಲ ಸಾ, ಒಂದು ಕೊಪ್ಪರಿಗೆ ಪೂರ್ತಿ ತಕ್ಕೊಳ್ಳೋರು ಬೇಕು" ಎಂದ. ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಕೇಳಿದೆ. ಇಬ್ಬರು ಬಣ್ಣ ನೋಡಿ ಮುಖ ಸಿಂಡರಿಸಿದರು. ಏಳು ಮನೆಯವರು ಒಪ್ಪಿದರು. ಮುಂಗಡ ಕೊಟ್ಟು ಬಂದಿದ್ದೇನೆ, ಮುಂದಿನ ವಾರ ಕೊಪ್ಪರಿಗೆ ಇಳಿಸುತ್ತಾನಂತೆ.